ಎಡಗೆನ್ನೆ

ಮಾರ್ಚ್ 4

ಮೊದಲೇ ತಪ್ಪಾಯಿತು ಎಂದುಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಎಲ್ಲಿ ಒತ್ತು ಬರುತ್ತದೆ, ಎಲ್ಲಿ ದೀರ್ಘ ಎಳೆಯಬೇಕು ಎಂಬುದೆಲ್ಲ ಐದನೇ ತರಗತಿಯ ಜೊತೆಗೇ ಮುಗಿದುಹೋಯಿತು. ಇದನ್ನು ಓದುವವರು ಯಾರೂ ಇಲ್ಲ. ಆದರೂ ಹೇಳಿಬಿಟ್ಟರೆ ಮುಂದೆ ಬರೆಯಲು ಧೈರ್ಯ. ನಾನು ಹುಟ್ಟಾ ಎಡಚಿ. ಟೀಚರ್ ಸ್ಕೇಲಿನಲ್ಲಿ ಹೊಡೆದು ಹೊಡೆದು ಪೆನ್ಸಿಲನ್ನು ಬಲಗೈಗೆ ದಾಟಿಸಿದರು. ಅವತ್ತಿನಿಂದ ಬೇರೆ ಯಾರದೋ ಕೈ ಎರವಲು ತಂದ ಹಾಗೆಯೇ ಬರೆಯುತ್ತೇನೆ.

ಈ ಡೈರಿ ಡ್ರೈವರ್ ಮಾಮ ಕೊಟ್ಟದ್ದು, ಅವರ ಬಸ್ ಡಿಪೋದಲ್ಲಿ ಹಂಚಿದ್ದು. ಆಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನೆ ಕೂತಿರಲು ಆಗದೆ ಬರೆಯುತ್ತಿದ್ದೇನೆ. ಒಳಗೆ ಅಣ್ಣ ಮಲಗಿದ್ದಾನೆ. ಮೊನ್ನೆ ಕೆಲಸದ ನಡುವೆ ಸುತ್ತಿಗೆ ಕೆಳಗಿಟ್ಟು, ತಲೆ ಒಂಥರಾ ಆಗುತ್ತಿದೆ ಎಂದು ಗೋಡೆಗೆ ಒರಗಿದವನು ಹಾಗೆಯೇ ಜಾರಿ ಕೂತುಬಿಟ್ಟ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ. ಅತ್ತಿಗೆ ನರ್ಸುಗಳ ಹಿಂದೆ ಓಡಾಡುತ್ತಿದ್ದಾಳೆ. ನನಗೆ ಹೊಸಬರ ಜೊತೆ ಮಾತು ಹೊರಡುವುದಿಲ್ಲ. ಚಪ್ಪಲಿ ಕಾಯುತ್ತಿದ್ದೇನೆ.

ನಮ್ಮದು ಟ್ಯಾಂಕಿನ ಅಂಗಡಿ. ತಮಗೆ ಬೇಕಾದ ಹಾಗೆ ಬೈಕು ಕಟ್ಟಿಸುವವರು ಪೆಟ್ರೋಲ್ ಟ್ಯಾಂಕಿಗೆ ಅಣ್ಣನ ಹತ್ತಿರ ಬರುತ್ತಾರೆ. ಅವನು ಅಲ್ಯೂಮಿನಿಯಂ ತಗಡನ್ನು ಕೈಯಲ್ಲೇ ತಟ್ಟಿ ತಟ್ಟಿ ಹಣ್ಣಿನ ಹಾಗೆ ಉಬ್ಬಿಸುತ್ತಾನೆ. ನಾನು ತಗಡು ಹಿಡಿಯುತ್ತೇನೆ, ಅಂಚು ಉಜ್ಜುತ್ತೇನೆ. ಸುತ್ತಿಗೆ ನನಗೆ ಕೊಡುವುದಿಲ್ಲ. ಎಡಗೈ ಏಟು ತಗಡಿಗೆ ಆಗಿಬರುವುದಿಲ್ಲ ಎನ್ನುತ್ತಾನೆ.

ಈಗ ಮರದ ಅಚ್ಚಿನ ಮೇಲಿರುವುದು ಡ್ರೈವರ್ ಮಾಮನದೇ ಟ್ಯಾಂಕು. ಏಪ್ರಿಲ್ ಕೊನೆಯ ದಿನ ಅವರ ನಿವೃತ್ತಿ. ಅವತ್ತು ಡಿಪೋದ ಗೇಟಿನಿಂದ ತಮ್ಮ ಬೈಕಿನಲ್ಲೇ ಹೊರಗೆ ಬರಬೇಕೆಂದು ಅವರ ಹಟ. ಒಂದೇ ಸೀಟು. ಆಯುಷ್ಯವೆಲ್ಲ ಬೆನ್ನ ಹಿಂದೆ ಜನರನ್ನು ಕೂರಿಸಿಕೊಂಡದ್ದು ಸಾಕಂತೆ. ಚೌಕಟ್ಟು, ಎಂಜಿನ್ ಎಲ್ಲ ತಯಾರಾಗಿ ಅಂಗಡಿಯಲ್ಲೇ ನಿಂತಿವೆ. ಟ್ಯಾಂಕಿನ ಎರಡು ಪಕ್ಕಗಳಿಗೆ ನಾವು ಕೆನ್ನೆ ಎನ್ನುತ್ತೇವೆ. ಬಲಗೆನ್ನೆ ಮುಗಿದಿದೆ. ಎಡಗೆನ್ನೆ ಬಾಕಿ.

ಮಾರ್ಚ್ 9

ಅಣ್ಣ ಮನೆಗೆ ಬಂದ. ಕೈ ಆಡುತ್ತದೆ, ಕಾಲು ಆಡುತ್ತದೆ, ಮಾತು ಮೊದಲಿನ ಹಾಗೆಯೇ. ನಮ್ಮ ಟ್ಯಾಂಕುಗಳಿಗೆ ವೆಲ್ಡಿಂಗ್ ಮಾಡುವ ಕಿಡಿ ಅಣ್ಣನನ್ನು ನೋಡಲು ಬಂದಿದ್ದ. ಅವನ ಹೆಸರು ಬೇರೆ ಏನೋ ಇದೆ, ಅವನ ಹೆಂಡತಿಯೂ ಈಗ ಕಿಡಿ ಎಂದೇ ಕರೆಯುವುದು. ಅಣ್ಣ ಅವನ ಹೊಟ್ಟೆ ನೋಡಿ, ಇದಕ್ಕೊಂದು ಮುಚ್ಚಳ ಕೂರಿಸಿದರೆ ಇಪ್ಪತ್ತು ಲೀಟರ್ ಹಿಡಿಯುತ್ತದೆ ಎಂದ. ಎಲ್ಲರೂ ನಕ್ಕೆವು. ಅತ್ತಿಗೆ ನಗುತ್ತಾ ನಗುತ್ತಾ ಅಡುಗೆಮನೆಗೆ ಹೋಗಿ ಅತ್ತಳು. ದೇವರು ದೊಡ್ಡವನು.

ಊಟಕ್ಕೆ ಕೂತಾಗ ಮಾತ್ರ ಪಲ್ಯ ಮುಟ್ಟಲೇ ಇಲ್ಲ. ಮೊಟ್ಟೆ ತಿಂದ, ಅನ್ನ ಅರ್ಧ ತಿಂದ. "ಪಲ್ಯ ಮಾಡಿಲ್ವಾ ಇವತ್ತು?" ಎಂದು ಬೇರೆ ಕೇಳಿದ. ತಟ್ಟೆಯಲ್ಲೇ ಇತ್ತು. ಅತ್ತಿಗೆಯ ಮುಖ ದಪ್ಪವಾಯಿತು. ಆಸ್ಪತ್ರೆಯ ಊಟ ಬಾಯಿ ಕೆಡಿಸಿರಬೇಕು.

ಮಾರ್ಚ್ 12

ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಬಂದ. ಬಲಗೆನ್ನೆ ನುಣ್ಣಗಿತ್ತು. ಎಡಗೆನ್ನೆಯ ಮೇಲೆ ಸೋಪಿನ ನೊರೆ ಸಹ ಇರಲಿಲ್ಲ, ಹತ್ತು ದಿನದ ಗಡ್ಡ ಹಾಗೆಯೇ ಇತ್ತು. ಅತ್ತಿಗೆ ಸೊಂಟಕ್ಕೆ ಕೈಯಿಟ್ಟು, ಇನ್ನರ್ಧ ಯಾರಿಗೆ ಬಿಟ್ಟಿದ್ದೀರಿ ಎಂದಳು. ಅವನು ಕೆನ್ನೆ ಸವರಿಕೊಂಡ, ಬಲಗಡೆಯದ್ದು. "ಸರಿಯಾಗೇ ಇದೆಯಲ್ಲೇ" ಎಂದ. ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದ ಮೇಲೆ ಅವಳ ಕೈ ಸೊಂಟದಿಂದ ಕೆಳಗೆ ಬಂತು.

ಬಾಗಿಲಿಗೆ ಎಡಭುಜ ಬಡಿದುಕೊಳ್ಳುತ್ತಾನೆ. ಬಾಗಿಲನ್ನೇ ಬೈಯುತ್ತಾನೆ.

ಮಾರ್ಚ್ 15

ಡಾಕ್ಟರಮ್ಮ ಅಣ್ಣನಿಗೆ ಹಾಳೆ ಪೆನ್ನು ಕೊಟ್ಟು, ಏನಾದರೂ ಚಿತ್ರ ಬರೆದು ತೋರಿಸಿ ಎಂದರು. ಅವನು ಬೈಕು ಬರೆದ. ಅವನ ಕೈಯ ಗೆರೆ ಎಂದರೆ ಗೆರೆ, ಅಷ್ಟು ಚೆಂದ. ಆದರೆ ಹಿಂದಿನ ಚಕ್ರ, ಸೀಟು, ಟ್ಯಾಂಕಿನ ಅರ್ಧ. ಅಲ್ಲಿಗೆ ಪೆನ್ನು ಕೆಳಗಿಟ್ಟ. ಹಾಳೆಯ ಎಡಗಡೆ ಖಾಲಿ.

"ಮುಗೀತಾ?" ಎಂದರು.

"ಮುಗೀತು. ಬಣ್ಣ ಒಂದು ಬಾಕಿ" ಎಂದ.

ಅವನನ್ನು ಹೊರಗೆ ಕೂರಿಸಿ ನಮ್ಮಿಬ್ಬರಿಗೆ ಹೇಳಿದರು. "ಕಣ್ಣು ಚೆನ್ನಾಗಿದೆ. ಎಡಗಡೆ ಅನ್ನೋದೇ ಅವರ ತಲೆಯಿಂದ ಅಳಿಸಿಹೋಗಿದೆ. ಅಳಿಸಿಹೋಗಿದೆ ಅನ್ನೋದೂ ಅವರಿಗೆ ಗೊತ್ತಾಗಲ್ಲ. ಅದಕ್ಕೇ ಜಗಳ ಆಡಬೇಡಿ."

ವಾಪಸು ಬರುತ್ತದೆಯೇ ಎಂದು ಅತ್ತಿಗೆ ಕೇಳಿದಳು. ಕೆಲವರಿಗೆ ಸ್ವಲ್ಪ ಬರುತ್ತದಂತೆ. ಕೆಲವರಿಗೆ ಇಲ್ಲವಂತೆ. ನನಗೂ ಒಂದು ಪ್ರಶ್ನೆಯಿತ್ತು, ಅವನು ಟ್ಯಾಂಕು ಮಾಡಬಹುದೇ ಎಂದು. ಗಂಟಲವರೆಗೆ ಬಂತು. ಎದ್ದು ಬಂದೆವು.

ಮಾರ್ಚ್ 20

ಅಣ್ಣ ಇವತ್ತು ಅಂಗಡಿಗೆ ಇಳಿದ. ಬೇಡ ಎಂದರೆ ಕೇಳುವ ಆಸಾಮಿಯಲ್ಲ. ಮಾಮನಿಗೆ ಮಾತು ಕೊಟ್ಟಿದ್ದೇನೆ, ಎಡಗೆನ್ನೆ ಬಾಕಿ ಇದೆ ಎಂದು ತಗಡು ಕತ್ತರಿಸಿದ. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ತಟ್ಟಲು ಶುರುಮಾಡಿದ. ಆ ಸದ್ದು ಕೇಳಿ ಪಕ್ಕದ ಪಂಕ್ಚರ್ ಅಂಗಡಿಯವನು ಬಂದು ಇಣುಕಿ ನೋಡಿ ಖುಷಿಪಟ್ಟು ಹೋದ.

ನಾನು ಚಿಕ್ಕವಳಿದ್ದಾಗಿನಿಂದ ಕೂರುವ ಜಾಗ ಅವನ ಎಡಗಡೆ. ಅಲ್ಲೇ ನನ್ನ ಸ್ಟೂಲು. ಅಲ್ಲಿಂದ ಎರಡೂ ಕೈಯಲ್ಲಿ ತಗಡು ಹಿಡಿದುಕೊಂಡಿದ್ದೆ. ಅವನು ತಟ್ಟುವುದು ನಿಲ್ಲಿಸಿ ಒಳಗೆ ಕೂಗಿದ:

"ಎಡಚಿ ಎಲ್ಲಿ ಹಾಳಾಗಿ ಹೋದ್ಲು? ತಗಡು ಹಿಡಿಯೋಕೆ ಒಬ್ಬರೂ ಇಲ್ಲ ಈ ಮನೇಲಿ."

ತಗಡು ನನ್ನ ಕೈಯಲ್ಲಿತ್ತು. ನನ್ನ ಮೊಣಕೈ ಅವನ ಮೊಣಕೈಗೆ ತಾಗುತ್ತಿತ್ತು. "ಇಲ್ಲೇ ಇದೀನಿ ಅಣ್ಣಾ" ಎಂದೆ. ಅವನು ಬಲಗಡೆ ತಿರುಗಿ ನೋಡಿದ. ಮತ್ತೂ ಬಲಗಡೆ ತಿರುಗಿದ. ಬಾಗಿಲ ಕಡೆಯಿಂದ ಬಂದ ದನಿ ಎಂದುಕೊಂಡನೋ ಏನೋ, ಬೇಗ ಬಾ ಎಂದ.

ಇನ್ನು ಬರೆಯಲು ಆಗುತ್ತಿಲ್ಲ.

ಮಾರ್ಚ್ 23

ಅವನು ಮಾಡುತ್ತಿರುವುದು ಎಡಗೆನ್ನೆಯಲ್ಲ. ಮೊಣಕಾಲು ಕೂರುವ ತಗ್ಗು ಯಾವ ಕಡೆಗೆ ವಾಲಿದೆ ಎಂದು ನೋಡಿದರೆ ತಿಳಿಯುತ್ತದೆ. ಮತ್ತೆ ಬಲಗೆನ್ನೆಯೇ.

ಮೂರು ಸಲ ಬಾಯಿ ತೆರೆದೆ, ಮೂರನೆಯ ಸಲ ಮಾತು ಬಂತು. "ಅಣ್ಣಾ, ಇದು ಬಲ."

"ನಿನಗೆ ಯಾವತ್ತು ಎಡ ಬಲ ಗೊತ್ತಿತ್ತು?" ಎಂದು ನಕ್ಕ.

ಮಾರ್ಚ್ 24

ತಟ್ಟುತ್ತಿದ್ದಾನೆ.

ಏಪ್ರಿಲ್ 2

ಅಣ್ಣ ಕೆನ್ನೆ ಮುಗಿಸಿ ಬೆಸುಗೆ ಹಾಕಲು ಕಿಡಿಯನ್ನು ಕರೆಸಿದ. ನಾನು ಅವನನ್ನು ರಸ್ತೆಯ ತಿರುವಿನಲ್ಲೇ ತಡೆದು ಹೇಳಬೇಕೆಂದಿದ್ದೆ. ಅವನು ಎದುರಿಗೆ ಬಂದಾಗ ಊಟ ಆಯಿತಾ ಎಂದಷ್ಟೇ ಕೇಳಿದೆ.

ಕಿಡಿ ಎರಡು ತುಂಡುಗಳನ್ನೂ ಎತ್ತಿ ಅಂಚಿಗೆ ಅಂಚು ಹಿಡಿದ. ಕೂರಲಿಲ್ಲ. ತಿರುಗಿಸಿ ಹಿಡಿದ. ಕೂರಲಿಲ್ಲ. ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಯಜಮಾನ್ರೇ, ಇವೆರಡೂ ಒಂದೇ ಕೆನ್ನೆ" ಎಂದ.

ಅಣ್ಣ ಎರಡನ್ನೂ ಕಿತ್ತುಕೊಂಡು ಮರದ ಅಚ್ಚಿನ ಬಲಭಾಗದ ಮೇಲೆ ಒಂದನ್ನು ಕೂರಿಸಿದ. ಅದರ ಮೇಲೆ ಇನ್ನೊಂದನ್ನು ಕೂರಿಸಿದ. ಬಟ್ಟಲ ಮೇಲೆ ಬಟ್ಟಲು ಕೂತ ಹಾಗೆ ಕೂತಿತು, ನಡುವೆ ಉಗುರು ಹೋಗದ ಹಾಗೆ. ಅಷ್ಟು ಒಂದೇ ಸಮನಾಗಿ ತಟ್ಟಲು ಬೇರೆ ಯಾರ ಕೈಯಲ್ಲೂ ಆಗುವುದಿಲ್ಲ. ಅಚ್ಚಿನ ಎಡಭಾಗ ಬರಿ ಮರವಾಗಿ ನಿಂತಿತ್ತು.

"ಎರಡು ಕೆನ್ನೆ. ಎಲ್ಲಿ ತಪ್ಪಿದೆ ತೋರಿಸು" ಎಂದ.

ಕಿಡಿ, ಗ್ಯಾಸು ಖಾಲಿಯಾಗಿದೆ, ಇನ್ನೊಂದು ದಿನ ಬರುತ್ತೇನೆ ಎಂದು ಸುಳ್ಳು ಹೇಳಿದ. ಹೊರಗೆ ಬಂದು ನನಗೂ ಅತ್ತಿಗೆಗೂ ಹೇಳಿದ್ದು ಬೇರೆ. ಪೇಟೆಯ ಆ ತುದಿಯಲ್ಲಿ ಇನ್ನೊಬ್ಬ ಟ್ಯಾಂಕಿನವನಿದ್ದಾನೆ, ಅವನ ಹತ್ತಿರ ಮಾಡಿಸೋಣ, ಮಾಮನಿಗೆ ವಿಷಯ ತಿಳಿಸಿಬಿಡೋಣ ಎಂದ. ಅತ್ತಿಗೆ ಬೇಡ ಎಂದಳು. ಅಣ್ಣನ ಅಚ್ಚಿನ ಮೇಲೆ ಇನ್ನೊಬ್ಬ ತಟ್ಟಿದ ಎಂದು ಊರಿಗೆ ಗೊತ್ತಾದರೆ ಈ ಬಾಗಿಲಿಗೆ ಮತ್ತೆ ಯಾರು ಬರುತ್ತಾರೆ? ಅವನು ಆ ಸುತ್ತಿಗೆ ಬಿಟ್ಟು ಎಲ್ಲಿ ಕೂರುತ್ತಾನೆ, ಏನು ಮಾಡುತ್ತಾನೆ?

ಆಮೇಲೆ ಅವಳೇ, "ಕೈಗವಸು ಒಳಗಿನದು ಹೊರಗೆ ಮಾಡಿದ್ರೆ ಬಲದ್ದು ಎಡಕ್ಕೆ ಆಗುತ್ತಲ್ಲ, ಹಾಗೆ ಇದನ್ನ ಮಗುಚೋಕೆ ಆಗಲ್ವಾ?" ಎಂದಳು. ಕಿಡಿ ನಕ್ಕುಬಿಟ್ಟ.

ಏಪ್ರಿಲ್ 4

ಮಗುಚಲು ನೋಡಿದೆ. ಅಣ್ಣ ಮಧ್ಯಾಹ್ನ ಔಷಧಿ ತೆಗೆದುಕೊಂಡು ಮಲಗುತ್ತಾನೆ, ಆಗ. ಎರಡನೆಯ ಬಲಗೆನ್ನೆಯ ಉಬ್ಬನ್ನು ಒಳಗಿಂದ ಹೊರಗೆ ದೂಡುತ್ತಾ ಹೋದೆ. ಮೊಣಕಾಲ ತಗ್ಗಿನ ಹತ್ತಿರ ಟಪ್ ಎಂದು ಸೀಳಿತು. ಅಣ್ಣನ ಕೈಯ ಕೆಲಸ, ನನ್ನ ಕೈಯಲ್ಲಿ ಸೀಳಿತು. ಹಳೇ ಗೋಣಿಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ. ಅಣ್ಣ ಕೇಳಿದರೆ ಎರಡನ್ನೂ ಕಿಡಿ ಬೆಸುಗೆಗೆ ಒಯ್ದ ಎನ್ನಬೇಕು.

ಏಪ್ರಿಲ್ 10

ಹೊಸ ತಗಡಿನಲ್ಲಿ ನಾನೇ ಎಡಗೆನ್ನೆ ಶುರುಮಾಡಿದೆ. ಬೇರೆ ದಾರಿ ಕಾಣಲಿಲ್ಲ, ಅಷ್ಟೇ. ನನ್ನಿಂದ ಆಗುವ ಕೆಲಸವಲ್ಲ ಎಂದು ಗೊತ್ತಿದೆ.

ತಗಡು ತಟ್ಟುವ ಮೊದಲು ಬಿಸಿ ಮಾಡಿ ಮೆತ್ತಗೆ ಮಾಡಬೇಕು. ಅಲ್ಯೂಮಿನಿಯಂ ಬಿಸಿಯಾದರೆ ಬಣ್ಣ ಬದಲಾಗುವುದಿಲ್ಲ. ಅದಕ್ಕೆ ಬಟ್ಟೆ ಒಗೆಯುವ ಸೋಪು ಉಜ್ಜಿ ಬೆಂಕಿ ತೋರಿಸುತ್ತೇವೆ. ಸೋಪು ಕಪ್ಪಾದ ಕೂಡಲೇ ಉರಿ ತೆಗೆಯಬೇಕು. ಇದನ್ನು ಸಾವಿರ ಸಲ ನೋಡಿದ್ದೇನೆ. ನೋಡುವುದೇ ಬೇರೆ. ಮೊದಲ ತಗಡು ಬೆಣ್ಣೆಯ ಹಾಗೆ ಕರಗಿ ತೂತು ಬಿತ್ತು. ಎರಡನೆಯದು ಸುಕ್ಕು ಬಿದ್ದಿತು. ಮೂರನೆಯದು ಇನ್ನೂ ಜೀವಂತವಾಗಿದೆ.

ಬಲಗೈ ಹೆಬ್ಬೆರಳು ಸುಟ್ಟುಕೊಂಡಿದ್ದೇನೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬರೆದದ್ದರ ಮೇಲೇ ಕೈ ಸಾಗಿ ಮಸಿ ಒರೆಸಿಹೋಗುತ್ತಿದೆ. ಅದಕ್ಕೂ ಕ್ಷಮೆ ಇರಲಿ.

ಏಪ್ರಿಲ್ 16

ಮಧ್ಯಾಹ್ನ ತಟ್ಟುತ್ತಿದ್ದೆ. ಚೀಲದ ಕೆಲಸ ಮುಗಿದು, ಉಕ್ಕಿನ ಗುಂಡಿನ ಮೇಲೆ ತಗಡಿಟ್ಟು ನಯಮಾಡುವ ಕೆಲಸ. ಏಟು ಗುಂಡಿನ ನೆತ್ತಿಗೆ ಸರಿಯಾಗಿ ಬಿದ್ದರೆ ಠಣ್ ಎನ್ನುತ್ತದೆ. ಪಕ್ಕಕ್ಕೆ ಬಿದ್ದರೆ ಟೊಳ್ಳು ಸದ್ದು, ಅಲ್ಲಿ ತಗ್ಗು ಬೀಳುತ್ತದೆ. ನನ್ನದು ಹತ್ತಕ್ಕೆ ಎಂಟು ಟೊಳ್ಳು.

ಒಳಗಿನ ಕೋಣೆಯಿಂದ ಅಣ್ಣನ ದನಿ ಬಂತು. "ಯಾರೋ ಅದು ಟೊಳ್ಳು ಹೊಡೀತಿರೋದು? ಸುತ್ತಿಗೆ ಅಲ್ಲ ಕಣೋ ಸರಿಸೋದು, ತಗಡು."

ಬಾಗಿಲ ಕಡೆ ನೋಡಿದೆ. ಅವನು ಎದ್ದು ಬರಲಿಲ್ಲ. ಕಿಡಿ ಎಂದುಕೊಂಡಿರಬೇಕು. ಸುತ್ತಿಗೆಯನ್ನು ಒಂದೇ ಜಾಗದಲ್ಲಿಟ್ಟು ತಗಡನ್ನು ಸರಿಸಿದೆ. ಠಣ್. ಸರಿಸಿದೆ. ಠಣ್. ಟೊಳ್ಳು. "ಹಾ, ಅದೇ, ಮತ್ತೆ ಹೋಯ್ತು." ಸರಿಸಿದೆ. ಠಣ್.

ಹೀಗೇ ಎಷ್ಟೋ ಹೊತ್ತು. ಅವನು ಮಲಗಿದ್ದಲ್ಲಿಂದ ಬೈದ, ನಾನು ತಟ್ಟಿದೆ. ಸದ್ದು ಯಾವ ಕಡೆಯಿಂದ ಬಂದರೂ ಅವನಿಗೆ ಪೂರ್ತಿ ಕೇಳುತ್ತದೆ. ಕೊನೆಗೆ ಬೈಗುಳ ನಿಂತಿತು. ಹೋಗಿ ನೋಡಿದರೆ ನಿದ್ದೆ ಹೋಗಿದ್ದ. ಎಡಗೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಎತ್ತಿ ಎದೆಯ ಮೇಲೆ ಇಟ್ಟೆ.

ಹೆಬ್ಬೆರಳು ವಾಸಿಯಾಗಿದೆ. ಪೆನ್ನು ಮಾತ್ರ ಎಡಗೈಯಲ್ಲೇ ಉಳಿದುಬಿಟ್ಟಿದೆ.

ಏಪ್ರಿಲ್ 22

ಕೆನ್ನೆ ಅಚ್ಚಿನ ಎಡಭಾಗಕ್ಕೆ ಕೂತಿತು. ಟ್ಯಾಂಕಿನ ಮೂಗಿನ, ಅಂದರೆ ಮುಂದಿನ ತುದಿಯ, ಹತ್ತಿರ ಒಂದು ಕಡೆ ಸ್ವಲ್ಪ ಚಪ್ಪಟೆ. ಎಷ್ಟು ತಟ್ಟಿದರೂ ಏಳಲಿಲ್ಲ.

ಅಣ್ಣ ಮತ್ತು ಅತ್ತಿಗೆ ಡಾಕ್ಟರಮ್ಮನ ಹತ್ತಿರ ಹೋದ ಸಮಯ ನೋಡಿ ಕಿಡಿಯನ್ನು ಕರೆಸಿದೆ. ಎರಡೂ ಕೆನ್ನೆ ಸೇರಿಸಿ, ಅಡಿಗೆ ಹೊಟ್ಟೆಯ ತಗಡು ಕೂರಿಸಿ ಬೆಸೆದ. ತೂತುಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆವು. ನೆತ್ತಿಯ ಬೆಸುಗೆಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಅಷ್ಟಕ್ಕೆಲ್ಲ ಏನೂ ಆಗುವುದಿಲ್ಲ, ಬಣ್ಣ ಬಿದ್ದರೆ ಮುಚ್ಚಿಹೋಗುತ್ತದೆ ಎಂದ ಕಿಡಿ. ಪೆಟ್ರೋಲ್ ತುಂಬುವುದು ನಿನ್ನ ಹೊಟ್ಟೆಗಲ್ಲ, ಅದರ ಮೇಲೆ ಒಬ್ಬ ಮನುಷ್ಯ ಕೂರುತ್ತಾನೆ, ಕೆರೆದು ಮತ್ತೆ ಹಾಕು ಎಂದೆ. ಅವನು ನನ್ನನ್ನೇ ನೋಡಿ, ಬೆಸುಗೆಯ ಟಾರ್ಚು ಹಚ್ಚಿದ. ಮತ್ತೊಮ್ಮೆ ಗುಳ್ಳೆ ಬಂತು, ಮತ್ತೊಮ್ಮೆ ಹಾಕಿಸಿದೆ. ಕಿಡಿ ಯಾಕೋ ಇವತ್ತು ಬಹಳ ಮೆತ್ತಗಿದ್ದ. ಬಿಸಿಲಿಗೆ ಇರಬೇಕು.

ಡಾಕ್ಟರಮ್ಮ ಹೊಸದೇನೂ ಹೇಳಲಿಲ್ಲವಂತೆ.

ಏಪ್ರಿಲ್ 24

ಟ್ಯಾಂಕನ್ನು ಬೆಂಚಿನ ಮೇಲಿಟ್ಟು ಅಣ್ಣನನ್ನು ಕರೆದೆ. ಪೂರ್ತಿಯಾದದ್ದನ್ನು ನೋಡಿದರೆ ತಲೆಯೊಳಗೆ ಏನಾದರೂ ಸೇರಿಕೊಳ್ಳಬಹುದು ಎಂಬ ಆಸೆ ನನಗಿತ್ತು. ಯಾರು ಮಾಡಿದ್ದು ಎಂದು ಕೇಳಿದರೆ ಹೇಳಲು ಮಾತನ್ನೂ ಜೋಡಿಸಿಟ್ಟುಕೊಂಡಿದ್ದೆ.

ಅವನು ಬಲಗೆನ್ನೆ ಸವರಿದ. ಸಮಾಧಾನದಿಂದ ತಲೆಯಾಡಿಸಿದ. ಆಮೇಲೆ, "ಎಡಗೆನ್ನೆ ಎಲ್ಲಿ?" ಎಂದ.

ನಾನು ಟ್ಯಾಂಕನ್ನು ತಿರುಗಿಸಿ ಮೂಗು ಅವನ ಕಡೆಗೆ ಮಾಡಿದೆ. ಈಗ ಎಡಗೆನ್ನೆ ಅವನ ಬಲಗೈಗೆ ಬಂತು. ನಿಧಾನವಾಗಿ ಸವರಿದ. ಚಪ್ಪಟೆ ಇರುವ ಜಾಗದಲ್ಲಿ ಬೆರಳು ನಿಂತಿತು. ಆಮೇಲೆ ಬೆರಳು ಅದನ್ನು ದಾಟಿ ಮುಂದೆ ಹೋಯಿತು.

"ಇದು ಎಡದ್ದು, ಸರಿ. ಈಗ ಬಲಗೆನ್ನೆ ಎಲ್ಲಿಟ್ಟೆ? ಈಗ ತಾನೆ ಇಲ್ಲಿತ್ತು."

ಮತ್ತೆ ತಿರುಗಿಸಿದೆ. ಎಡದ್ದು ಹೋಯಿತು. ಮತ್ತೆ ತಿರುಗಿಸಿದೆ. ಬಲದ್ದು ಹೋಯಿತು. ಅವನಿಗೆ ಬೆವರು ಬಂತು. ನನ್ನ ಮೇಲೆ ಕೂಗಾಡಲಿಲ್ಲ, ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಎರಡೂ ಅಂಗೈಯಲ್ಲಿ ಹಿಡಿಯಲಿ ಎಂದು ಅವನ ಎಡಗೈ ಹಿಡಿದು ಟ್ಯಾಂಕಿನ ಮೇಲಿಟ್ಟೆ. ಅದು ಅಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಯಾರದೋ ಸಾಮಾನಿನ ಹಾಗೆ ಜಾರಿ ತೊಡೆಯ ಮೇಲೆ ಬಿತ್ತು.

"ಯಾಕೋ ಈ ಟ್ಯಾಂಕು ಒಟ್ಟಿಗೆ ಸಿಗ್ತಾನೇ ಇಲ್ಲ ಕಣೇ" ಎಂದ.

ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಂದು ಅವನನ್ನು ಟೀಗೆ ಕರೆದುಕೊಂಡು ಹೋದಳು.

ಏಪ್ರಿಲ್ 30

ಡ್ರೈವರ್ ಮಾಮ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲೇ ಬಂದರು. ನೀಲಿ ಬಣ್ಣ ಹೊಡೆದು ಟ್ಯಾಂಕನ್ನು ಬೈಕಿಗೆ ಕೂರಿಸಿಯಾಗಿತ್ತು. ಪೆಟ್ರೋಲ್ ಹಾಕಿದೆವು. ಒಂದು ಹನಿ ಸೋರಲಿಲ್ಲ. ಅಣ್ಣ ಬೈಕಿನ ಹಿಂದೆ ನಿಂತು, ತಲೆ ತಗ್ಗಿಸಿ ಹೇಳಿದ:

"ಅರ್ಧ ಟ್ಯಾಂಕು ಕೊಟ್ಟು ಕಳಿಸ್ತಿದೀನಿ. ಬೇಜಾರು ಮಾಡ್ಕೋಬೇಡ ಮಾಮ. ಇನ್ನೊಂದು ಕೆನ್ನೆ ಮಾಡಿಕೊಡ್ತೀನಿ."

ಅತ್ತಿಗೆ ಮುಖ ಆ ಕಡೆ ತಿರುಗಿಸಿದಳು. ಮಾಮನಿಗೆ ಯಾರು ಏನು ಹೇಳಿದ್ದರೋ ಗೊತ್ತಿಲ್ಲ, ನಾನಂತೂ ಹೇಳಿಲ್ಲ. ಅವರು ಹೆಲ್ಮೆಟ್ ಪಟ್ಟಿ ಬಿಗಿಯುತ್ತಾ, "ಅರ್ಧ ಟ್ಯಾಂಕಲ್ಲಿ ಹೋಗೋದು ನನಗೆ ಅಭ್ಯಾಸ ಬಿಡಪ್ಪ. ಡಿಪೋದವರು ಯಾವತ್ತು ಪೂರ್ತಿ ತುಂಬಿಸಿದ್ರು?" ಎಂದರು. ಅಣ್ಣ ನಕ್ಕ. ಎಷ್ಟೋ ದಿನದ ಮೇಲೆ ನಕ್ಕ.

ಹತ್ತಿ ಕೂತು ಮಾಮ ಎಡಗೆನ್ನೆಯ ಮೇಲೆ ಕೈಯಿಟ್ಟರು. ಚಪ್ಪಟೆ ಜಾಗ ಅವರಿಗೂ ಸಿಕ್ಕಿತು. ನನ್ನ ಕಡೆ ನೋಡಿದರು. ನನ್ನ ಎಡಗೈಯಲ್ಲಿ ಬೊಬ್ಬೆ ಒಣಗಿ ಸಿಪ್ಪೆ ಎದ್ದಿತ್ತು. ಬೆನ್ನ ಹಿಂದೆ ಇಟ್ಟುಕೊಂಡೆ. ಮಾಮ ಮೊಣಕಾಲನ್ನು ಆ ತಗ್ಗಿಗೆ ಒತ್ತಿ, ಗೇರು ಹಾಕಿ ಡಿಪೋಗೆ ಹೋದರು. ಸಂಜೆ ಅದೇ ಗೇಟಿನಿಂದ ಹೊರಗೆ ಬಂದರಂತೆ. ಕಿಡಿ ನೋಡಿ ಬಂದು ಹೇಳಿದ. ನಾನು ಹೋಗಲಿಲ್ಲ. ಅಷ್ಟು ಜನ ಸೇರುವ ಕಡೆ ನನಗೆ ಆಗುವುದಿಲ್ಲ.

ಮೇ 3

ಅಣ್ಣ ನಿನ್ನೆ ಮತ್ತೆ ತಗಡು ಕತ್ತರಿಸಿದ. ಮಾಮನಿಗೆ ಬಾಕಿ ಉಳಿದ ಎಡಗೆನ್ನೆಗೆ. ಮೊಣಕಾಲ ತಗ್ಗಿನ ಗೆರೆ ಎಳೆದದ್ದು ನೋಡಿದೆ. ಬಲವೇ. ಮೂರನೆಯದು. ಡಾಕ್ಟರಮ್ಮ ಜಗಳ ಬೇಡ ಎಂದಿದ್ದಾರೆ. ಜಗಳ ಆಡಿದರೂ ಯಾರ ಜೊತೆ? ಅವನು ತಟ್ಟುತ್ತಾನೆ, ಠಣ್ ಠಣ್, ಒಂದೂ ಟೊಳ್ಳಿಲ್ಲ. ಇದು ಮುಗಿದರೆ ನಾಲ್ಕನೆಯದು ಮಾಡುತ್ತಾನೆ. ನನ್ನಿಂದ ನಿಲ್ಲಿಸಲು ಆಗುವುದಿಲ್ಲ.

ಕಿಡಿ ಮೊನ್ನೆ ಒಬ್ಬರನ್ನು ಕರೆದುಕೊಂಡು ಬಂದಿದ್ದ, ಹೊಸ ಟ್ಯಾಂಕಿಗೆ. ಅವರು ನನ್ನ ಹತ್ತಿರ ಅಳತೆ ಹೇಳಿದರು. ಅಣ್ಣನ ಹತ್ತಿರ ಹೇಳಿ ಎಂದೆ. ಅಣ್ಣನ ಹತ್ತಿರವೂ ಹೇಳಿದರು, ಆಮೇಲೆ ಮತ್ತೆ ನನ್ನ ಹತ್ತಿರವೂ ಹೇಳಿದರು. ಯಾಕೋ.

ದಿನವೂ ಅಣ್ಣ ಅರ್ಧ ಬೋಳಿಸಿಕೊಂಡು ಬಂದ ಮೇಲೆ ಉಳಿದದ್ದನ್ನು ಬೋಳಿಸುವುದು ಅತ್ತಿಗೆ. ಇವತ್ತು ಬೆಳಿಗ್ಗೆ ಅವಳು ಔಷಧಿ ಅಂಗಡಿಯ ಸಾಲಿಗೆ ಬೇಗ ಹೋಗಿದ್ದಳು. ಅಣ್ಣ ಬಂದು ಬೆಳಕಿಗೆ ಕೂತ. ನಾನು ಅವನ ಎಡಗಡೆ ನನ್ನ ಸ್ಟೂಲಿನ ಮೇಲೆ ಕೂತು, ಸೋಪು ಹಚ್ಚಿ ಎಡಗೈಯಲ್ಲಿ ರೇಜರ್ ಹಿಡಿದೆ. ಯಾರು ಎಂದು ಅವನು ಕೇಳಲಿಲ್ಲ. ಕಿವಿಯ ಹತ್ತಿರದಿಂದ ಗಲ್ಲದವರೆಗೆ, ರೇಜರ್ ಒಂದೇ ಹದದಲ್ಲಿಟ್ಟು ಅವನ ಮುಖವನ್ನು ಸರಿಸಿಕೊಂಡು, ಎಡಗೆನ್ನೆ ಬೋಳಿಸಿ ಮುಗಿಸಿದೆ.